ನಾಲ್ಕನೇ ಡಬ್ಬಿ

ಕಫಕ್ಕೂ ಎಂಜಲಿಗೂ ವ್ಯತ್ಯಾಸ ಗೊತ್ತಿಲ್ಲದ ಜನಕ್ಕೆ ಕ್ಷಯ ಬಂದರೆ ದೇವರೇ ಗತಿ ಎಂದು ಜಿನಶ್ರೀ ದಿನಕ್ಕೆ ಹತ್ತು ಸಲವಾದರೂ ಅನ್ನುತ್ತಿದ್ದಳು. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯ ಪಕ್ಕದ ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಅವಳು ಲ್ಯಾಬ್ ಟೆಕ್ನಿಷಿಯನ್. ಆಸ್ಪತ್ರೆಯ ಹೆಸರು ಕಟ್ಟಿಕೊಂಡು ಯಾರಿಗೇನಾಗಬೇಕು? ಹಸಿರು ಗೇಟು, ಒಂದು ಹೊಂಗೆ ಮರ, ಮರದ ಕೆಳಗೆ ಸಿಮೆಂಟ್ ಬೆಂಚು ಎಂದರೆ ಸಾಕು, ಆ ಕಡೆ ಎಲ್ಲವೂ ಹಾಗೇ ಇರುತ್ತವೆ. ಅವಳ ತವರು ಜಿನನಾಥಪುರ. ರಜೆಗೆ ಹೋದಾಗಲೆಲ್ಲ ತಾಯಿ ರಾಜೀಮತಿ, "ಬೆಳಗಾಗೆದ್ದು ಕಂಡವರ ಕಫ ನೋಡೋದು ಯಾವ ಜನ್ಮದ ಕರ್ಮವೋ" ಎಂದು ಮಗಳನ್ನು ಮೊದಲು ಬಚ್ಚಲಿಗೆ ಅಟ್ಟಿ, ಆಮೇಲೆ ಅಡುಗೆಮನೆಗೆ ಬಿಟ್ಟುಕೊಳ್ಳುತ್ತಿದ್ದರು.

ಜಿನಶ್ರೀಗೆ ಕಫದ ಬಗ್ಗೆ ಅಸಹ್ಯವಿರಲಿಲ್ಲ. ಅಸಹ್ಯವಿದ್ದದ್ದು ಎಂಜಲಿನ ಬಗ್ಗೆ. ಎರಡು ವಾರ ದಾಟಿ ಕೆಮ್ಮುವವರಿಗೆ ಆಸ್ಪತ್ರೆಯಿಂದ ಮುಚ್ಚಳದ ಪುಟ್ಟ ಡಬ್ಬಿ ಕೊಡುತ್ತಾರೆ. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಮೂರು ಸಲ ಉದ್ದಕ್ಕೆ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿ, ಗಟ್ಟಿ ಕಫವನ್ನು ಅದರೊಳಗೆ ಉಗಿದು ತರಬೇಕು. ಕ್ಷಯದ ರೋಗಾಣು ಸಿಕ್ಕುವುದು ಅದರಲ್ಲಿ. ಬಾಯಿಯ ಎಂಜಲು ಉಗಿದು ತಂದರೆ ರಿಪೋರ್ಟು 'ಇಲ್ಲ' ಎಂದು ಬರುತ್ತದೆ, ರೋಗಿ ನೆಮ್ಮದಿಯಿಂದ ಮನೆಗೆ ಹೋಗಿ ಇರುವ ರೋಗವನ್ನು ಮನೆಮಂದಿಗೆಲ್ಲ ಹಂಚುತ್ತಾನೆ. ಅವಳು ಕೆಲಸಕ್ಕೆ ಸೇರಿದಾಗ ಹತ್ತು ಡಬ್ಬಿಯಲ್ಲಿ ಆರು ಎಂಜಲು. ಒಂದಷ್ಟರಲ್ಲಿ ಎಲೆ ಅಡಿಕೆಯ ಕೆಂಪು. ಒಬ್ಬ ಮಹಾನುಭಾವ ಟೂತ್‌ಪೇಸ್ಟಿನ ನೊರೆಯನ್ನೇ ತುಂಬಿಕೊಂಡು ಬಂದಿದ್ದ.

ಅವಳಿಗಿಂತ ಮುಂಚೆ ಇದ್ದವರು ಬಂದದ್ದನ್ನು ಪರೀಕ್ಷೆ ಮಾಡಿ ಕೈ ತೊಳೆದುಕೊಳ್ಳುತ್ತಿದ್ದರು. ಜಿನಶ್ರೀ ಹಾಗಲ್ಲ. ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಎಂಜಲಾದರೆ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ 'ತಿರಸ್ಕೃತ' ಎಂದು ಬರೆದು ಹೊಸ ಡಬ್ಬಿ ಕೊಟ್ಟು ವಾಪಸ್ ಕಳಿಸುತ್ತಿದ್ದಳು. ಕೆಮ್ಮುವ ಮನುಷ್ಯನ ಚಿತ್ರ ಬರೆಸಿ ಗೋಡೆಗೆ ಅಂಟಿಸಿದಳು. ಸ್ತ್ರೀಶಕ್ತಿ ಸಂಘದ ಸಭೆಗಳಿಗೆ ಹೋಗಿ, ಐವತ್ತು ಹೆಂಗಸರ ಎದುರು ನಿಂತು, ತಾನೇ ಹೊಟ್ಟೆ ಹಿಡಿದುಕೊಂಡು ಕೆಮ್ಮಿ ತೋರಿಸಿದಳು. ಎರಡು ವರ್ಷದಲ್ಲಿ ಹತ್ತಕ್ಕೆ ಆರು ಇದ್ದದ್ದು ಹತ್ತಕ್ಕೆ ಒಂದಾಯಿತು. ಹಾಸನಕ್ಕೆ ಕರೆದು ಒಂದು ಪ್ರಶಸ್ತಿಪತ್ರ ಕೊಟ್ಟರು. ಹೆಮ್ಮೆಪಡಬೇಕಾದ ಕೆಲಸವೇ. ಅದರಲ್ಲಿ ತಪ್ಪು ಹುಡುಕುವವರ ಬಾಯಿಗೆ ಮಣ್ಣು.

ಹೀಗಿರುವಾಗ ಕಲ್ಲುಕೊಪ್ಪಲಿನ ಅನುಶ್ರೀಗೆ ಕೆಮ್ಮು ಹಿಡಿಯಿತು.

ಅನುಶ್ರೀಗೆ ಇಪ್ಪತ್ನಾಲ್ಕು ವರ್ಷ. ಕಟ್ಟಾಯದ ಹುಡುಗಿ. ಕಲ್ಲುಕೊಪ್ಪಲಿನ ರಾಮಣ್ಣನ ಮಗ, ಡೇರಿಯ ಹಾಲಿನ ಗಾಡಿ ಓಡಿಸುವ ಶಶಿಕುಮಾರನಿಗೆ ಕೊಟ್ಟಿದ್ದರು. ಎಂಟು ತಿಂಗಳ ಗಂಡು ಕೂಸು, ಹೆಸರು ಗೌರೀಶ. ಚಳಿಗಾಲದಲ್ಲಿ ಶುರುವಾದ ಅವಳ ಕೆಮ್ಮು ತಿಂಗಳಾದರೂ ನಿಲ್ಲಲಿಲ್ಲ, ಮೈ ಇಳಿದಿತ್ತು. ಊರಿನ ಆಶಾ ಕಾರ್ಯಕರ್ತೆ ದಿವ್ಯಾ ಕರೆದುಕೊಂಡು ಬಂದು ಡಬ್ಬಿ ಕೊಡಿಸಿದಳು. ಮೊದಲನೇ ಡಬ್ಬಿ ಎಂಜಲು. ಎರಡನೆಯದೂ ಎಂಜಲು.

ಆ ಹುಡುಗಿಯ ಕಷ್ಟ ಜಿನಶ್ರೀಯ ಗೋಡೆಯ ಚಿತ್ರದಲ್ಲಿ ಇರಲಿಲ್ಲ. ಬೆಳಗ್ಗೆ ಆರಕ್ಕೆ ಮಾವ ರಾಮಣ್ಣ ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕೂತಿರುತ್ತಾರೆ. ಡೇರಿಗೆ ಹಾಲು ಹಾಕಲು ಹೋಗುವ ನಾಲ್ಕು ಜನ ಅಲ್ಲೇ ನಿಂತು ಮಾತಾಡುತ್ತಾರೆ. ಗಂಡಸರು ಕ್ಯಾಕರಿಸಿದರೆ ಮೂರು ಮನೆಯಾಚೆಗೆ ಕೇಳಿಸುತ್ತದೆ, ಅದು ಅವರ ಹಕ್ಕು. ಸೊಸೆಯಾದವಳು ಸೀನಿದರೂ ವೇಲಿನೊಳಗೆ ಸೀನಬೇಕು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅನುಶ್ರೀ ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ, ನೀರಿನ ಸದ್ದಿನೊಳಗೆ ಅಡಗಿಕೊಂಡು ಕೆಮ್ಮುತ್ತಿದ್ದಳು. ಹಾಗೆ ಕೆಮ್ಮಿದರೆ ಬಾಯಿಗೆ ಬರುವುದು ಎಂಜಲೇ.

ಮೂರನೇ ಡಬ್ಬಿಯನ್ನು ಅತ್ತೆ ಸುಬ್ಬಮ್ಮ ತಂದರು. ಸೊಸೆಯ ಮಡಿಲಲ್ಲಿ ಕೂಸು, ಓಡಾಡುವುದು ಕಷ್ಟ ಎಂದು ತಾವೇ ಬಂದಿದ್ದರು. ಒಳ್ಳೆಯ ಹೆಂಗಸು. ಸೊಸೆಯನ್ನು 'ಏ' ಎಂದು ಕರೆದವರಲ್ಲ.

ಜಿನಶ್ರೀ ಡಬ್ಬಿಯನ್ನು ಬೆಳಕಿಗೆ ಹಿಡಿದವಳೇ ಮೇಜಿನ ಮೇಲೆ ಕುಕ್ಕಿದಳು. "ಮೂರನೇ ಸಲ ಅಮ್ಮಾ ಇದು! ಎಂಜಲು ತಂದುಕೊಟ್ಟರೆ ನಾನೇನು ಮಾಡಲಿ? ಗಟ್ಟಿ ಕಫ ಬೇಕು, ಹಳದಿಗೆ, ಅಂಟಂಟಾಗಿ ಇರಬೇಕು. ಇನ್ನೊಂದು ಸಲ ಹೀಗೇ ತಂದರೆ ನಾನು ಮುಟ್ಟೋದೇ ಇಲ್ಲ, ನೋಡಿ."

"ಆ ಮಗೀಗೆ ಬರಾಕಿಲ್ಲ ಕಣವ್ವ," ಎಂದರು ಸುಬ್ಬಮ್ಮ. "ನಾಚ್ಕೆ ಮುಂಡೇದು. ಏನ್ ಮಾಡಾದು ಏಳು."

"ನೀವೇ ಪಕ್ಕದಲ್ಲಿ ನಿಂತು ಹೇಳಿಕೊಡಿ. ನಿಮ್ಮ ಜವಾಬ್ದಾರಿ."

ಸುಬ್ಬಮ್ಮ ತಲೆಯಾಡಿಸಿ ಹೋದರು. ಮಾರನೇ ದಿನ ಬೆಳಗ್ಗೆ ನಾಲ್ಕನೇ ಡಬ್ಬಿ ಬಂತು. ಅದನ್ನು ನೋಡಿ ಜಿನಶ್ರೀಯ ಮುಖ ಅರಳಿತು. ದಪ್ಪಗೆ, ಹಳದಿಯಾಗಿ, ಡಬ್ಬಿ ವಾಲಿಸಿದರೆ ನಿಧಾನವಾಗಿ ಜಾರುವಂಥ ಕಫ. ಪುಸ್ತಕದಲ್ಲಿ ಬರೆದಂತೆ ಇತ್ತು. ಬೆಂಚಿನ ಮೇಲೆ ಕೂತಿದ್ದವರಿಗೂ ಎತ್ತಿ ತೋರಿಸಿದಳು. "ನೋಡ್ರಿ, ಹಿಂಗಿರಬೇಕು! ಎಷ್ಟು ಚೆನ್ನಾಗಿದೆ! ನಿಮ್ಮ ಸೊಸೆ ಕೊನೆಗೂ ಕಲಿತಳಲ್ಲಮ್ಮ." ಡಬ್ಬಿಯ ಮೇಲಿನ ಹೆಸರು, ನಂಬರು, ತಾರೀಖು ಮೂರನ್ನೂ ಗಟ್ಟಿಯಾಗಿ ಓದಿ ಚೀಟಿಗೆ ತಾಳೆ ನೋಡಿದಳು. ಎಲ್ಲ ಸರಿಯಾಗಿತ್ತು. ಸುಬ್ಬಮ್ಮ, ಪರೀಕ್ಷೆ ಪಾಸಾದವರ ಹಾಗೆ, ನೆಲ ನೋಡಿಕೊಂಡು ನಕ್ಕರು.

ಮೈಕ್ರೋಸ್ಕೋಪಿನ ಕೆಳಗೆ ನೀಲಿ ಬಯಲಿನಲ್ಲಿ ಕೆಂಪು ಕಡ್ಡಿಗಳು ಕಂಡವು. ಒಂದೆರಡಲ್ಲ, ಚೆಲ್ಲಿದ ಹಾಗೆ ಇದ್ದವು. ಅನುಶ್ರೀಗೆ ಕ್ಷಯ ಎಂದು ಬರೆದು ಜಿನಶ್ರೀ ಡಾಕ್ಟರ್ ರಜನೀಶರಿಗೆ ಕೊಟ್ಟಳು. ಮೂರು ಸಲ ವಾಪಸ್ ಕಳಿಸದೆ ಇದ್ದಿದ್ದರೆ ಈ ಹುಡುಗಿಯ ಗತಿ ಏನಾಗುತ್ತಿತ್ತು ಎಂದು ಆ ಮಧ್ಯಾಹ್ನ ದಿವ್ಯಾಳಿಗೆ ಎರಡೆರಡು ಸಲ ಹೇಳಿದಳು.

ಮುಂದಿನದನ್ನು ರಾಮಣ್ಣ ತೀರ್ಮಾನ ಮಾಡಿದರು. ಡಾಕ್ಟರು, ಔಷಧಿ ಶುರುವಾಗಿ ಎರಡು ವಾರ ಕಳೆದರೆ ಅಂಟುವ ಭಯ ಕಡಿಮೆ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ತಾಯಿ ಹಾಲೂ ಕೊಡಬಹುದು ಎಂದು ಬಿಡಿಸಿ ಹೇಳಿದ್ದರು. ಅದನ್ನು ಕೇಳುವವರು ಯಾರು? ಸೊಸೆ ಆರು ತಿಂಗಳು ಕಟ್ಟಾಯದ ತವರಿನಲ್ಲಿರಲಿ, ಕೂಸು ಇಲ್ಲೇ ಅಜ್ಜಿಯ ಹತ್ತಿರ ಇರಲಿ ಎಂದರು ರಾಮಣ್ಣ. ಶಶಿಕುಮಾರ ಹಾಲಿನ ಗಾಡಿ ಒರೆಸುತ್ತಲೇ ಇದ್ದ. ಅಪ್ಪನ ಮಾತಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಅನುಶ್ರೀಯ ತಂದೆ ಕಾಂತರಾಜು ಬಂದು ಮಗಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋದರು. ತವರಿನಲ್ಲಿ ತಾಯಿ ಅವಳ ಎದೆಗೆ ಮಲ್ಲಿಗೆ ಹೂವು ಕಟ್ಟಿ ಹಾಲು ಬತ್ತಿಸಿದರು.

ರೋಗಿಯ ಮನೆಯವರನ್ನೆಲ್ಲ ವಿಚಾರಿಸಬೇಕು ಎಂಬುದು ಕಾನೂನು. ಬೇರೆ ಯಾರಿಗೆ ಕೆಮ್ಮಿದೆ ಎಂದು ಕೇಳಲು ದಿವ್ಯಾ ಪಟ್ಟಿ ಹಿಡಿದು ಹೋಗಿದ್ದಳು. "ನನ್ ಕೆಮ್ಮಾ? ಒಲೆ ಒಗೆ ಕೆಮ್ಮು ಕಣವ್ವ, ಮದ್ವೆಯಾಗಿ ಬಂದಾಗಿಂದ ಐತೆ," ಎಂದರು ಸುಬ್ಬಮ್ಮ. ದಿವ್ಯಾ 'ಇಲ್ಲ' ಎಂದು ಬರೆದುಕೊಂಡಳು. ಐದು ವರ್ಷದೊಳಗಿನ ಮಗುವಿಗೆ ರೋಗ ಬಾರದ ಹಾಗೆ ಮುಂಚಿತವಾಗಿ ಕೊಡುವ ಮಾತ್ರೆಯೂ ಅವಳ ಚೀಲದಲ್ಲಿತ್ತು. ರಾಮಣ್ಣ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. "ಅವ್ವನ್ನೇ ದೂರ ಕಳಿಸಿವ್ನಿ. ಇನ್ನು ಎಳೆಕೂಸಿಗ್ಯಾಕೆ ಇಸ? ತಕ್ಕೊಂಡೋಗು," ಎಂದರು. ಸಿಟ್ಟಿನ ಮಾತಾದರೂ ಅದರಲ್ಲಿ ಒಂದು ಲೆಕ್ಕವಿತ್ತು.

ಮೂರನೇ ವಾರ ಅನುಶ್ರೀ ಒಬ್ಬಳೇ ಬಸ್ಸು ಹಿಡಿದು ಬಂದಳು. ಮಾತ್ರೆಗೆ ವಾಂತಿಯಾಗಿ ಕೆನ್ನೆ ಒಳಗೆ ಹೋಗಿತ್ತು. ಲ್ಯಾಬಿನ ಬಾಗಿಲಲ್ಲಿ ನಿಂತು, "ಮೇಡಂ, ಕೂಸನ್ನ ಯಾವಾಗ ಎತ್ಕೋಬೋದು?" ಎಂದು ಕೇಳಿದಳು.

"ಈಗಲೇ ಎತ್ತಿಕೊಳ್ಳಬಹುದು. ಡಾಕ್ಟರು ಹೇಳಿದ್ದಾರಲ್ಲ."

"ಅವ್ರು ಏಳಿದ್ರು. ಮಾವ ಆರು ತಿಂಗ್ಳು ಅಂದವ್ರೆ." ಹೋಗಲು ತಿರುಗಿದವಳು ನಿಂತು, "ಕೆಮ್ಮು ಒಂದೇ ವಾರಕ್ಕೆ ನಿಂತೋಯ್ತು ಮೇಡಂ. ನಿಮ್ ಉಪಕಾರ," ಎಂದಳು.

ಜಿನಶ್ರೀ ದಿವ್ಯಾಳನ್ನು ಕರೆದುಕೊಂಡು ಕಲ್ಲುಕೊಪ್ಪಲಿಗೆ ಹೋಗಿ ರಾಮಣ್ಣನಿಗೆ ಹೇಳಿದಳು. ಡಾಕ್ಟರಿಂದ ಫೋನು ಮಾಡಿಸಿದಳು. ರಾಮಣ್ಣ ಎಲ್ಲದಕ್ಕೂ 'ಆಗ್ಲಿ ಬುಡಿ' ಎಂದರು. ಆ ಕಡೆ 'ಆಗಲಿ ಬಿಡಿ' ಎಂದರೆ ಆಗುವುದಿಲ್ಲ ಎಂದೇ ಲೆಕ್ಕ. ಎರಡು ತಿಂಗಳಿಗೆ ಅನುಶ್ರೀಯ ಕಫವನ್ನು ಮತ್ತೆ ನೋಡಿದಾಗ ರೋಗಾಣು ಇರಲಿಲ್ಲ. ಔಷಧಿ ಹಿಡಿದಿದೆ ಎಂದು ಎಲ್ಲರೂ ಸಂತೋಷಪಟ್ಟರು. ಕೂಸು ಮಾತ್ರ ಕಲ್ಲುಕೊಪ್ಪಲಿನಲ್ಲೇ ಉಳಿಯಿತು.

ಅದಾಗಿ ಹದಿನೈದು ದಿನಕ್ಕೆ, ಒಂದು ಸೋಮವಾರ, ಸುಬ್ಬಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಬಂದರು. ಮಗುವಿಗೆ ಬಿಟ್ಟು ಬಿಟ್ಟು ಜ್ವರ, ಹಾಲು ಕುಡಿಯುತ್ತಿಲ್ಲ, ಕೈಕಾಲು ಕಡ್ಡಿಯಾಗಿವೆ. ಹೊಂಗೆ ಮರದ ಕೆಳಗೆ ಕೂತು ಕಾಯುತ್ತಿದ್ದಾಗ ಸುಬ್ಬಮ್ಮನಿಗೆ ಕೆಮ್ಮು ಬಂತು. ಕೂಸನ್ನು ಎದೆಗೆ ಅವಚಿಕೊಂಡೇ ಕೆಮ್ಮಿದರು. ಎದ್ದು ಹೋಗಿ ಮರದ ಬುಡಕ್ಕೆ ಉಗಿದು ಮಣ್ಣು ಎಳೆದು ಮುಚ್ಚಿದರು. ಜಿನಶ್ರೀ ಅದನ್ನು ಕಿಟಕಿಯಿಂದ ನೋಡಿದಳು. ಅಂಥ ಕೆಮ್ಮನ್ನು ಅವಳು ಎಲ್ಲಿ ಕೇಳಿದರೂ ಗುರುತು ಹಿಡಿಯುತ್ತಿದ್ದಳು.

ಡಬ್ಬಿ ತೆಗೆದುಕೊಂಡು ಹೊರಗೆ ಬಂದು, "ಅಮ್ಮಾ, ನೀವೂ ಒಂದು ಸಲ ಕಫ ಕೊಡಿ, ನೋಡೋಣ," ಎಂದಳು.

ಸುಬ್ಬಮ್ಮ ನಕ್ಕರು. "ಮತ್ತಾ? ನನ್ದು ಆವತ್ತೇ ನೋಡಿದ್ರಲ್ಲವ್ವ. ಸಂದಾಗೈತೆ ಅಂತ ಎಲ್ರಿಗೂ ತೋರ್ಸಿದ್ರಿ."

"ಯಾವತ್ತು?"

"ಅನು ಡಬ್ಬಿ ತಂದ್ನಲ್ಲ, ಆವತ್ತು. ಆ ಮಗೀಗೆ ಎಷ್ಟು ಏಳ್ಕೊಟ್ರೂ ಬರ್ನಿಲ್ಲ, ಕಣ್ಣಲ್ಲಿ ನೀರಾಕ್ಕೊಂಡು ಕುಂತ್ಕತು. ನೀವು ನೋಡಿದ್ರೆ ಮುಟ್ಟಾಕಿಲ್ಲ ಅಂದಿದ್ರಿ. ಅದ್ಕೇನಂತೆ ಬುಡು ಅಂತ ನಾನೇ ಕ್ಯಾಕರ್ಸಿ ಉಗ್ದು ಕೊಟ್ಬುಟ್ಟೆ. ಒಂದೇ ಮನೆ ಕಫ ಅಲ್ವರಾ?"

ಕಾಲ ಕೆಳಗಿನ ನೆಲ ಕುಸಿಯಿತು ಎನ್ನುವುದು ಕತೆಗಳಲ್ಲಿ ಬರುವ ಮಾತು. ನೆಲ ಗಟ್ಟಿಯಾಗೇ ಇತ್ತು. ಜಿನಶ್ರೀಗೆ ಅಳು ಬಂತು, ಅಷ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಜನ ನಗುತ್ತಾರೆ. ಇಲ್ಲಿ ಬರೆ ಹಾಕಿಸಿಕೊಂಡವಳು ಕಟ್ಟಾಯದಲ್ಲಿ ಹಾಲು ಬತ್ತಿಸಿಕೊಂಡು ಕೂತಿದ್ದಳು, ಜ್ವರದ ಎತ್ತು ಕೂಸನ್ನು ತಬ್ಬಿಕೊಂಡು ಎರಡೂವರೆ ತಿಂಗಳಿಂದ ಪಕ್ಕದಲ್ಲೇ ಮಲಗುತ್ತಿತ್ತು. ಸುಬ್ಬಮ್ಮ ಹಾಗೆ ಮಾಡಲು ಕಾರಣವಾದ ಕೋಪದ ಮಾತು ತನ್ನದೇ. ಎಂಜಲು ತಂದರೆ ಮುಟ್ಟುವುದಿಲ್ಲ ಎಂದವಳು ತಾನು. ಡಬ್ಬಿಯ ಮೇಲಿನ ಹೆಸರು, ನಂಬರು, ತಾರೀಖು ಮೂರನ್ನೂ ಓದಿದವಳು, ಇದನ್ನು ಯಾರು ಉಗಿದದ್ದು ಎಂದು ಒಂದು ಸಲವೂ ಕೇಳಲಿಲ್ಲ.

ಸುಬ್ಬಮ್ಮನ ಕಫದಲ್ಲಿ ಅವೇ ಕೆಂಪು ಕಡ್ಡಿಗಳು ಸಿಕ್ಕವು. ಕೂಸನ್ನು ಅದೇ ದಿನ ಹಾಸನದ ದೊಡ್ಡಾಸ್ಪತ್ರೆಗೆ ಕಳಿಸಿದರು. ಎದೆಯ ಎಕ್ಸ್‌ರೇ ತೆಗೆದವರು ಅದಕ್ಕೂ ಕ್ಷಯ ಎಂದರು.

ಜಿನಶ್ರೀ ಡಾಕ್ಟರ್ ರಜನೀಶರ ಎದುರು ನಿಂತು ನಡೆದದ್ದನ್ನೆಲ್ಲ ಒಪ್ಪಿಸಿದಳು. ಅನುಶ್ರೀಗೆ ರೋಗ ಇರಲೇ ಇಲ್ಲ, ಮಾತ್ರೆ ನಿಲ್ಲಿಸಿ, ಅವಳ ಹೆಸರು ತೆಗೆಯಿರಿ ಎಂದು ಬೇಡಿಕೊಂಡಳು. ಅವರು ಪೆನ್ನು ಕೆಳಗಿಟ್ಟರು. "ಇರಲಿಲ್ಲ ಅಂತ ಈಗ ಹೇಗೆ ಹೇಳ್ತೀರಿ? ಎರಡು ತಿಂಗಳು ಮಾತ್ರೆ ತಿಂದಿದಾಳೆ. ಈಗ ನೋಡಿದರೆ ನೆಗೆಟಿವ್ ಬಂದೇ ಬರುತ್ತೆ. ಇದ್ದು ಹೋಗಿದ್ದರೂ ಹಾಗೇ, ಇಲ್ಲದಿದ್ದರೂ ಹಾಗೇ. ಅತ್ತೆಗೇ ಇಷ್ಟು ಇರುವಾಗ ಒಂದೇ ಮನೆಯ ಸೊಸೆಗೆ ಇರಲಿಲ್ಲ ಅಂತ ನಾನು ಯಾವ ಧೈರ್ಯದ ಮೇಲೆ ಸಹಿ ಹಾಕಲಿ? ಆರು ತಿಂಗಳು ಮುಗಿಸಲಿ ಜಿನಶ್ರೀ. ಅದೇ ಕ್ಷೇಮ."

ಅವರು ಹೇಳಿದ್ದು ತಪ್ಪಾಗಿರಲಿಲ್ಲ. ಜಗಳ ಆಡುವುದಕ್ಕೂ ಜಾಗವಿರಲಿಲ್ಲ. ಆವತ್ತಿನ ಅನುಶ್ರೀಯ ಎದೆಯೊಳಗೆ ಏನಿತ್ತು ಎಂದು ಹೇಳಬಲ್ಲ ಪರೀಕ್ಷೆ ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ. ಆ ಒಂದು ಬೆಳಗ್ಗೆ ಕಳೆದುಹೋದದ್ದು ಕಳೆದೇ ಹೋಯಿತು.

ಸಂಜೆ ಕಲ್ಲುಕೊಪ್ಪಲಿಗೆ ಹೋದಳು. ಸುಬ್ಬಮ್ಮ ಹಜಾರದ ಮೂಲೆಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ಜಗಲಿಯ ಮೇಲಿದ್ದ ರಾಮಣ್ಣ ಅವಳು ಬಾಯಿ ತೆಗೆಯುವ ಮುಂಚೆಯೇ ಶುರುಮಾಡಿದರು.

"ನೋಡಿದ್ರಾ ಮೇಡಂ! ಓಯ್ತಾ ಓಯ್ತಾ ಅತ್ತೆಗೂ ಅಂಟಿಸ್ಬುಟ್ಲು, ಎತ್ತ ಮಗೀಗೂ ಅಂಟಿಸ್ಬುಟ್ಲು. ನಾನು ಎಂಟು ದಿನ ಮುಂಚೆ ಕಳಿಸ್ಬೇಕಾಗಿತ್ತು."

ಜಿನಶ್ರೀ ನಡೆದದ್ದನ್ನು ಹೇಳಿದಳು. ಸುಬ್ಬಮ್ಮನೂ ಮೂಲೆಯಿಂದಲೇ, "ದಿಟ ಕಣ್ರೀ, ನಾನೇ ಉಗ್ದಿದ್ದು. ಆ ಮಗಿಂದು ಏನೂ ತಪ್ಪಿಲ್ಲ," ಎಂದರು. ಆ ಮನೆಯಲ್ಲಿ ಹೆಂಗಸೊಬ್ಬಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲಿರಬೇಕು.

"ಸುಮ್ಕಿರೆ," ಎಂದರು ರಾಮಣ್ಣ. ಬೈದದ್ದಲ್ಲ, ಕನಿಕರದಿಂದಲೇ ಅಂದದ್ದು. "ಸೊಸೆ ಮ್ಯಾಗಳ ಮೋಹಕ್ಕೆ ಎಲ್ಲಾನೂ ಮ್ಯಾಲಾಕ್ಕತಾಳೆ. ಅಲ್ಲ ಮೇಡಂ, ಅವ್ಳಿಗೆ ಕಾಯ್ಲೆ ಇರ್ನಿಲ್ಲ ಅಂದ್ರೆ, ನಿಮ್ ಮಾತ್ರೆ ತಿಂದ ವಾರಕ್ಕೆ ಕೆಮ್ಮು ನಿಂತಿದ್ಯಾಕೆ? ಏಳಿ ಮತ್ತೆ."

ಚಳಿಯ ಕೆಮ್ಮು ಚಳಿ ಮುಗಿದಾಗ ತಾನಾಗಿ ನಿಲ್ಲುತ್ತದೆ ಎಂದು ಜಿನಶ್ರೀ ಹೇಳಿದಳು. ಹೇಳುವಾಗಲೇ ಆ ಮಾತು ಎಷ್ಟು ಬಡಕಲು ಎಂದು ಅವಳಿಗೂ ಗೊತ್ತಾಯಿತು. ರಾಮಣ್ಣ, "ಆಗ್ಲಿ ಬುಡಿ," ಎಂದರು.

ಗುರುವಾರ ರಜೆ ಹಾಕಿ ಹಾಸನಕ್ಕೆ ಹೋದಳು. ಸುಬ್ಬಮ್ಮನನ್ನು ಮಕ್ಕಳ ವಾರ್ಡಿಗೆ ಬಿಡುವ ಹಾಗಿರಲಿಲ್ಲ. ಕೂಸಿನ ಜೊತೆ ನಾಲ್ಕು ದಿನದಿಂದ ಇದ್ದ ಶಶಿಕುಮಾರ ಔಷಧಿ ತರಲು ಕೆಳಗೆ ಹೋಗಿದ್ದ. ಅಲ್ಲಿನ ಡಾಕ್ಟರು ತಾಯಿಯನ್ನೇ ಕರೆಸಿ ಎಂದು ಹೇಳಿದ್ದರಿಂದ ಕಟ್ಟಾಯದಿಂದ ಅನುಶ್ರೀ ಬೆಳಗಿನ ಬಸ್ಸಿಗೆ ಬಂದಿದ್ದಳು. ಮಗುವಿಗೆ ವಾಸಿಯಾಗುತ್ತದೆ, ನಿಧಾನವಾಗುತ್ತದೆ, ತಾಯಿಯ ಮೈಯ ಬಿಸಿ ಸಿಕ್ಕರೆ ಒಳ್ಳೆಯದು ಎಂದೂ ಅವರು ಹೇಳಿದ್ದರಂತೆ. ಕೊನೆಗೂ ಅವಳಿಗೆ ಅಪ್ಪಣೆ ಸಿಕ್ಕಿತ್ತು. ರಾಮಣ್ಣನೂ ಬೇಡ ಎನ್ನಲಿಲ್ಲ. ಅಂಟುವುದಕ್ಕೆ ಇನ್ನೇನು ಉಳಿದಿತ್ತು?

ಅನುಶ್ರೀ ವಾರ್ಡಿನ ಒಳಗಿರಲಿಲ್ಲ. ಬಾಗಿಲ ಹೊರಗೆ, ಒಂದರ ಮೇಲೊಂದು ಎರಡು ಮಾಸ್ಕ್ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

ಜಿನಶ್ರೀಯ ಮನೆಯಲ್ಲಿ ವರ್ಷಕ್ಕೊಮ್ಮೆ, ಜೈನರ ಪರ್ವ ಮುಗಿದ ದಿನ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಮನ್ನಿಸಿ ಎಂದು ಚಿಕ್ಕವರು ದೊಡ್ಡವರೆನ್ನದೆ ಎಲ್ಲರಲ್ಲೂ ಕೇಳಿಕೊಳ್ಳುವ ಪದ್ಧತಿಯಿದೆ. ನಾಲಿಗೆಗೆ ರೂಢಿಯಾದ ಮಾತು. ಆವತ್ತು ಅದು ಬಾಯಿಗೆ ಬರಲಿಲ್ಲ. ನಾಲ್ಕನೇ ಡಬ್ಬಿಯಲ್ಲಿದ್ದದ್ದು ಯಾರ ಕಫ, ಯಾಕೆ ಹಾಗಾಯಿತು, ತಾನು ಏನು ಕೇಳಬೇಕಿತ್ತು, ಏನು ಕೇಳಲಿಲ್ಲ ಎಂಬುದನ್ನೆಲ್ಲ ಬಿಕ್ಕುತ್ತ ಹೇಳಿದಳು. "ನಿಮ್ಮಿಂದ ಮಗುವಿಗೆ ಬಂದಿದ್ದಲ್ಲ ಅನುಶ್ರೀ. ನಿಮಗೆ ಕ್ಷಯ ಅಂತ ಬರೆದವಳು ನಾನು. ತಪ್ಪು ನಂದು."

ಅನುಶ್ರೀ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಜಿನಶ್ರೀಯ ತೋಳು ಸವರಿದಳು. "ಅಳ್ಬೇಡಿ ಮೇಡಂ. ಅತ್ತೆನೂ ಫೋನ್ ಮಾಡಿ ಇದ್ನೇ ಏಳಿದ್ರು. ನನ್ ತಪ್ಪನ್ನ ಅವ್ರ ತಲೆ ಮೇಲೆ ಆಕ್ಕೊಂಡವ್ರೆ, ಪಾಪ. ಈಗ ನೀವೂ ಅಂಗೇ ಅಂತೀರ. ನಿಮ್ಮಂಥೋರು ಇರ್ಬೇಕು."

"ಸಮಾಧಾನಕ್ಕೆ ಹೇಳ್ತಿಲ್ಲ. ನಿಜ."

"ನಿಜ ಆದ್ರೆ ಡಾಕ್ಟ್ರು ಮಾತ್ರೆ ನಿಲ್ಲಿಸ್ತಿದ್ರು, ಅಲ್ವಾ?" ಎಂದಳು ಅನುಶ್ರೀ. ಅವಳು ಪಿಯುಸಿ ಓದಿದವಳು, ಯೋಚನೆ ಮಾಡಿಯೇ ಮಾತಾಡುತ್ತಿದ್ದಳು. "ಬೆಳಿಗ್ಗೆನೂ ತಿಂದೇ ಬಂದೆ."

ಜಿನಶ್ರೀ ಕಣ್ಣೊರೆಸಿಕೊಂಡಳು.

ಒಳಗಿನಿಂದ ಕೂಸು ಅಳತೊಡಗಿತು. ನರ್ಸು ಬಾಗಿಲಿಗೆ ಬಂದು, "ಗೌರೀಶನ ತಾಯಿ ಎಲ್ಲಮ್ಮಾ? ಬೆಳಗ್ಗಿಂದ ಕೂಗ್ತಾ ಇದೀನಿ. ಬಂದು ಎತ್ಕೊಳ್ಳಿ," ಎಂದಳು.

ಅನುಶ್ರೀ ಎರಡು ಹೆಜ್ಜೆ ಹಿಂದೆ ಸರಿದಳು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ನಾನು ಬ್ಯಾಡ ಸಿಸ್ಟರ್. ಇನ್ನೂ ಜಾಸ್ತಿಯಾಗ್ಬುಡ್ತದೆ."

"ಏನೂ ಆಗಲ್ಲಮ್ಮ, ಡಾಕ್ಟ್ರೇ ಹೇಳಿದಾರಲ್ಲ."

"ಬ್ಯಾಡ," ಎಂದಳು ಅನುಶ್ರೀ. ಜಿನಶ್ರೀಯ ಕಡೆ ತಿರುಗಿ, "ನೀವು ಎತ್ಕೊಳ್ಳಿ ಮೇಡಂ. ನೀವು ಸಂದಾಗಿದೀರಲ್ಲ."

ಎಷ್ಟು ಹೇಳಿದರೂ ಅವಳು ಹೊಸ್ತಿಲು ದಾಟಲಿಲ್ಲ. ಅಳು ಜೋರಾಯಿತು. ಕೊನೆಗೆ ಜಿನಶ್ರೀಯೇ ಒಳಗೆ ಹೋದಳು, ಕೈಯ ಸೂಜಿಗೆ ತಾಗದ ಹಾಗೆ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ತೂಕವೇ ಇರಲಿಲ್ಲ. ಅದು ಹೊಸ ಮೈಯ ಗುರುತು ಸಿಕ್ಕದೆ ಇನ್ನಷ್ಟು ಕಿರುಚಿತು.

"ಅಂಗಲ್ಲ ಮೇಡಂ," ಎಂದಳು ಅನುಶ್ರೀ ಬಾಗಿಲಿಂದಲೇ. "ಎಡಗಡೆ ಆಕ್ಕೊಳ್ಳಿ. ಕತ್ತಿನ ಹಿಂದೆ ಮೆಲ್ಲಗೆ ತಟ್ಟಿ. ಅಂಗೆ ತಟ್ಟುದ್ರೆ ಮಲಿಕ್ಕತಾನೆ."